ಸ್ಕಾಟ್ಲೆಂಡಿನ ಲಾಖ್‌ಗಳಲ್ಲಿ (ಸರೋವರಗಳಲ್ಲಿ) ಸಣ್ಣ ದೋಣಿಯ ಪ್ರವಾಸ: ಗಾಳಿಮಳೆಯಲ್ಲಿ ಹೋಗಿಬಂದವರು ಅನುಭವ ತಿಳಿಸಿ

ಲೀಡ್ಸ್‌ನಿಂದ, ಕೇಳಿದವರು

ಮೇ ಕೊನೆಯ ವಾರದ ಶಾಲಾ ರಜೆಗೆ ಲಾಖ್ ನೆಸ್ ಬಳಿಯ ಡ್ರಮ್‌ನಡ್ರಾಖಿಟ್ ಎಂಬ ಊರಿನಲ್ಲಿ ನಾಲ್ಕು ರಾತ್ರಿಗೆ ಮನೆ ಗೊತ್ತುಮಾಡಿದ್ದೇವೆ. ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು ಮತ್ತು ಏಳು ವರ್ಷದ ಮಗ ಹೋಗುವವರು. ಹೊನ್ನೆಮರಡುವಿನಲ್ಲಿ ಶರಾವತಿ ಹಿನ್ನೀರಿನ ಮೇಲೆ ಎರಡು ಸಲ ಹುಟ್ಟು ಹಾಕಿದ್ದನ್ನು ಬಿಟ್ಟರೆ ನಮಗೆ ಅನುಭವವಿಲ್ಲ. ಗಾಳಿ ತುಂಬಿಸುವ ಕನೂ (ಹುಟ್ಟು ಹಾಕುವ ಸಣ್ಣ ದೋಣಿ) ಕೊಳ್ಳುವುದು ಮೇಲೋ, ಅಲ್ಲಿಯೇ ಬಾಡಿಗೆಗೆ ಪಡೆಯುವುದು ಮೇಲೋ? ಗಂಟೆಗೊಮ್ಮೆ ಬದಲಾಗುವ ಹವಾಮಾನದಲ್ಲಿ ಯಾವ ಮುನ್ಸೂಚನೆಯನ್ನು ನಂಬಬೇಕು? ಲಾಖ್ ನೆಸ್ ನಮ್ಮಂಥವರಿಗೆ ಸಲ್ಲದಿದ್ದರೆ ಹತ್ತಿರದಲ್ಲಿ ಬೇರೆ ಯಾವುದಿದೆ?

ಗ್ಲಾಸ್ಗೋದಿಂದ

ಗಾಳಿ ತುಂಬಿಸುವ ದೋಣಿಯನ್ನು ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡು ಅನುಭವಿಸಿದವನು, ಆದ್ದರಿಂದ ಲೆಕ್ಕವನ್ನು ಪೂರ್ತಿಯಾಗಿ ಕೊಡುತ್ತೇನೆ. ದೋಣಿಗೆ 489 ಪೌಂಡ್. ಅದರ ಜೊತೆಗೆ ಬಂದ ಪಂಪು ಎರಡನೆಯ ದಿನವೇ ಕೆಟ್ಟದ್ದರಿಂದ ಬ್ಯಾಟರಿ ಪಂಪಿಗೆ 74. ನಾಲ್ಕು ಲೈಫ್ ಜಾಕೆಟ್‌ಗಳಿಗೆ ತಲಾ 45ರಂತೆ 180. ದೋಣಿಯ ಅಡಿಯಲ್ಲಿ ನೇರವಾಗಿ ಸಾಗಲು ಸಿಕ್ಕಿಸುವ ರೆಕ್ಕೆ ಮುರಿದಾಗ ಹೊಸದಕ್ಕೆ 18. ಇವಿಷ್ಟೂ ನೀರಿಗಿಳಿದ ಮೂರನೆಯ ದಿನಕ್ಕೆ ಮುಗಿದುಹೋದವು.

2022ರ ಜೂನ್‌ನಲ್ಲಿ ಲಾಖ್ ಲೋಮಂಡಿಗೆ ಹೋಗಿದ್ದೆವು. ಲಸ್ ಎಂಬ ಊರು ಅದರ ಪಶ್ಚಿಮದ ದಂಡೆಯಲ್ಲಿದೆ, ಅಂದಿನ ಗಾಳಿಯೂ ಪಶ್ಚಿಮದಿಂದಲೇ ಬೀಸುತ್ತಿತ್ತು. ಬೆಟ್ಟದ ಮರೆಯಲ್ಲಿದ್ದ ದಂಡೆಯ ನೀರು ಕೊಡದಲ್ಲಿ ತುಂಬಿಟ್ಟ ನೀರಿನಂತೆ ಅಲುಗದೆ ನಿಂತಿತ್ತು, ಮಕ್ಕಳು ಅದರಲ್ಲಿ ಕಲ್ಲೆಸೆದು ಆಡುತ್ತಿದ್ದರು. ನಾವು ಹತ್ತೂ ನಲವತ್ತಕ್ಕೆ ಹೊರಟು ನಾನೂರು ಮೀಟರಿನಷ್ಟು ಹೋಗಿರಬಹುದು, ಬೆಟ್ಟದ ಮರೆ ತಪ್ಪಿದ ಕೂಡಲೇ ಹಿಂದಿನಿಂದ ಯಾರೋ ಕೈಯಿಟ್ಟು ತಳ್ಳಿದ ಹಾಗೆ ದೋಣಿ ಓಡತೊಡಗಿತು. ತಿರುಗಿಸಿದೆವು. ಅಂಥ ದೋಣಿಯ ಹೆಚ್ಚಿನ ಭಾಗ ನೀರಿನ ಮೇಲೆಯೇ ಇರುವುದರಿಂದ ಗಾಳಿಗೆ ಅದು ಪಟವಾಗಿಬಿಡುತ್ತದೆ. ಇಬ್ಬರು ದೊಡ್ಡವರು ಮೈಮುರಿದು ಹುಟ್ಟು ಹಾಕಿದರೆ ಇದ್ದಲ್ಲಿಯೇ ಇರುತ್ತಿದ್ದೆವು, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಹತ್ತು ಮಾರು ಹಿಂದಕ್ಕೆ ಹೋಗುತ್ತಿದ್ದೆವು. ಕೊನೆಗೆ ಇಂಚ್‌ಲೋನೇಗ್ ಎಂಬ ದ್ವೀಪದ ಕಲ್ಲುಗಳಿಗೆ ತಾಗಿ ನಿಂತೆವು. ಹಳೆಯ ಯೂ ಮರಗಳಿಂದ ಹೆಸರಾದ ಆ ದ್ವೀಪದಲ್ಲಿ ಆರು ವರ್ಷದ ಮಗನನ್ನು ಒದ್ದೆ ಬಟ್ಟೆಯಲ್ಲಿ ಎದೆಗೊತ್ತಿಕೊಂಡು ನನ್ನ ಹೆಂಡತಿ ಸಂಜೆ ನಾಲ್ಕೂಕಾಲರವರೆಗೆ ಕುಳಿತಿದ್ದಳು. ಮೋಟಾರು ದೋಣಿಯ ಒಬ್ಬ ಹಿರಿಯರು ನೋಡಿ ಕರೆತಂದರು. ನೀರು ಹೊಕ್ಕ ಫೋನಿಗೆ 620, ವಾಹನ ನಿಲುಗಡೆಯ ಅವಧಿ ಮೀರಿದ್ದಕ್ಕೆ ದಂಡ 60. ದೋಣಿಯನ್ನು 150ಕ್ಕೆ ಮಾರಿದೆ.

ಇನ್ವರ್ನೆಸ್‌ನಿಂದ

ಗ್ಲಾಸ್ಗೋದವರ ಕಷ್ಟಕ್ಕೆ ಮರುಗುತ್ತೇನೆ, ಆದರೆ ತಪ್ಪು ದೋಣಿಯದಲ್ಲ. ದಂಡೆಯಿಂದ ನೀರಿನ ಕಡೆಗೆ ಬೀಸುವ ಗಾಳಿಯಲ್ಲಿ ಯಾವ ದೋಣಿಯಲ್ಲಿ ಇಳಿದರೂ ಫಲ ಅದೇ. ನೀರು ನಿಶ್ಚಲವಾಗಿ ಕಂಡ ದಂಡೆಯನ್ನೇ ಮೊದಲು ಅನುಮಾನಿಸಬೇಕೆಂಬುದನ್ನು ನಾನು ಇಲ್ಲಿನ ಒಂಬತ್ತು ವರ್ಷಗಳ ವಾಸದಲ್ಲಿ ಕಲಿತಿದ್ದೇನೆ.

ನನ್ನದು ಹದಿನಾರು ಅಡಿಯ ಗಟ್ಟಿ ಕನೂ, ಹಳೆಯದನ್ನು 650 ಪೌಂಡಿಗೆ ಕೊಂಡದ್ದು. ಕಾರಿನ ಮೇಲಿನ ಕಂಬಿಗಳಿಗೆ 165, ನೀರು ಒಳಗಿಳಿಯದ ಡ್ರೈಸೂಟ್‌ಗಳಿಗೆ ನನ್ನದಕ್ಕೆ 520 ಮತ್ತು ನನ್ನವರದಕ್ಕೆ 465, ಕುತ್ತಿಗೆಯ ರಬ್ಬರು ಹರಿದಾಗ ದುರಸ್ತಿಗೆ 70, ಕೈಯಲ್ಲಿ ಹಿಡಿಯುವ ರೇಡಿಯೋಗೆ 130. ನಾವಿಬ್ಬರೂ ಬ್ಯಾನವಿಯಿಂದ ಇನ್ವರ್ನೆಸ್‌ವರೆಗೆ ಗ್ರೇಟ್ ಗ್ಲೆನ್ ಕಣಿವೆಯನ್ನು ದೋಣಿಯಲ್ಲಿಯೇ ದಾಟಿದ್ದೇವೆ. ಥಾಮಸ್ ಟೆಲ್ಫರ್ಡ್ ಯೋಜಿಸಿ 1822ರಲ್ಲಿ ತೆರೆದ ಕ್ಯಾಲೆಡೋನಿಯನ್ ಕಾಲುವೆ ಅಲ್ಲಿನ ಲಾಖ್‌ಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ನೀರನ್ನು ಏರಿಸಿ ಇಳಿಸುವ ಅದರ 29 ಕಟ್ಟೆಬಾಗಿಲುಗಳಲ್ಲಿ ಸಣ್ಣ ದೋಣಿಗಳು ಹೋಗುವುದಿಲ್ಲ, ಹೊತ್ತೇ ದಾಟಿಸಬೇಕು. ನಾಲ್ಕು ದಿನವೆಂದು ಹೊರಟದ್ದು ಆರು ದಿನವಾಯಿತು. ಆ ಹೆಚ್ಚಿನ ಎರಡು ರಾತ್ರಿಗಳನ್ನು ಲಾಖ್ ನೆಸ್‌ನ ನೈಋತ್ಯ ತುದಿಯ ಫೋರ್ಟ್ ಆಗಸ್ಟಸ್‌ನಲ್ಲಿ ಒಂದಕ್ಕೆ 118 ಪೌಂಡ್ ಕೊಟ್ಟು, ಕಿಟಕಿಯ ಬಳಿ ಕುಳಿತು ಕಳೆದೆವು. ಗಾಳಿ ಈಶಾನ್ಯದಿಂದ ಬೀಸುತ್ತಿತ್ತು. ಲಾಖ್ ನೆಸ್ ಸುಮಾರು 37 ಕಿಲೋಮೀಟರ್ ಉದ್ದ, ಅಗಲ ಹೆಚ್ಚಿನ ಕಡೆ ಒಂದೂವರೆ ಕಿಲೋಮೀಟರ್ ಮಾತ್ರ, ಎರಡೂ ಬದಿಗೆ ಬೆಟ್ಟ. ಗಾಳಿ ಅದರ ಉದ್ದಕ್ಕೆ ತಿರುಗಿದರೆ ತೆರೆಗಳಿಗೆ ಬೆಳೆಯಲು ಆ ಉದ್ದವೆಲ್ಲ ಸಿಗುತ್ತದೆ, ಕೊನೆಯಲ್ಲಿ ಅವು ಸಮುದ್ರದ ತೆರೆಗಳಂತೆಯೇ ಇರುತ್ತವೆ. ಆಗ್ನೇಯ ದಂಡೆಯಲ್ಲಿ ಫೋರ್ಟ್ ಆಗಸ್ಟಸ್ ಬಿಟ್ಟ ಮೇಲೆ ಬಹುದೂರದವರೆಗೆ ದೋಣಿಯನ್ನು ಸುಲಭವಾಗಿ ಎಳೆದು ನಿಲ್ಲಿಸುವ ಜಾಗವಿಲ್ಲ.

ಗ್ಲಾಸ್ಗೋದಿಂದ

ಎರಡು ಡ್ರೈಸೂಟ್‌ಗಳಿಗೆ 985 ಪೌಂಡ್ ಸುರಿಯಬಲ್ಲವರಿಗೆ ತಾಳ್ಮೆಯೂ ಇರುತ್ತದೆ. ನಾಲ್ಕು ದಿನಕ್ಕೆ ಲೀಡ್ಸ್‌ನಿಂದ ಬರುವ ಕುಟುಂಬಕ್ಕೆ ಇದು ಸಲಹೆಯಲ್ಲ, ನಿಮ್ಮ ಆಸ್ತಿಯ ಪಟ್ಟಿ. ಅಂದು ನಾನು ಮುನ್ಸೂಚನೆ ನೋಡಿಯೇ ಹೊರಟಿದ್ದೆ. ಗಂಟೆಗೆ 11 ಮೈಲಿ ಎಂದಿತ್ತು.

ಇನ್ವರ್ನೆಸ್‌ನಿಂದ

11 ಎಂಬುದು ಸರಾಸರಿ. ಅದರ ಪಕ್ಕದಲ್ಲಿಯೇ ಬೀಸುಗಾಳಿಯ ವೇಗವನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಬೆಟ್ಟಗಳ ನಡುವೆ ಅದು ಸರಾಸರಿಯ ಎರಡರಷ್ಟಿರುವುದು ಸಾಮಾನ್ಯ. ನೀವು ಆ ಸಾಲನ್ನು ಓದಿದ್ದಿರೇ? ಇನ್ನು ಡ್ರೈಸೂಟಿನ ಮಾತು. ಲಾಖ್ ನೆಸ್‌ನ ಆಳದ ನೀರು ವರ್ಷವಿಡೀ ಐದಾರು ಡಿಗ್ರಿಯಲ್ಲಿರುತ್ತದೆ, ಮೇ ಕೊನೆಯಲ್ಲಿ ಮೇಲ್ಪದರವೂ ಹೆಚ್ಚು ಬಿಸಿಯೇರಿರುವುದಿಲ್ಲ. ದಂಡೆಯಲ್ಲಿ ಬಿಸಿಲು ಕಾಯುವವರಿಗೆ ಇದು ತಿಳಿಯುವುದಿಲ್ಲ. ನನ್ನ ಉಡುಪನ್ನು ಆಸ್ತಿಯೆಂದು ಕರೆದದ್ದು ನನಗೆ ನೋವು ತಂದಿದೆ.

ಅಬರ್ಡೀನ್‌ನಿಂದ

ನಾನು ಮಲ್ಪೆಯವನು, ಮೂರು ತಲೆಮಾರಿನಿಂದ ನಮ್ಮದು ಮೀನುಗಾರಿಕೆಯ ಮನೆ. ಇಬ್ಬರೂ ಹುಟ್ಟಿನ ಬಗ್ಗೆಯೇ ಬರೆಯುತ್ತಿದ್ದೀರಿ. ಗಾಳಿ ಎದುರಾದಾಗ ತೋಳಿನ ಬಲವನ್ನು ನಂಬುವುದಕ್ಕಿಂತ ಇಂಜಿನನ್ನು ನಂಬುವುದು ಲೇಸು. ನಾನು ಹದಿಮೂರು ಅಡಿಯ ಫೈಬರ್ ದೋಣಿಯನ್ನು 900ಕ್ಕೆ, ನಾಲ್ಕು ಅಶ್ವಶಕ್ತಿಯ ಹಳೆಯ ಇಂಜಿನನ್ನು 420ಕ್ಕೆ, ಟ್ರೇಲರನ್ನು 350ಕ್ಕೆ ಕೊಂಡೆ. ಟ್ರೇಲರಿನ ಹಿಂದಿನ ದೀಪಕ್ಕೆ 35, ಎರಡು ಟೈರುಗಳಿಗೆ 90. ಲಾಖ್ ಆವ್‌ನಲ್ಲಿ ಒಂದು ಬೇಸಿಗೆ ಪೂರ್ತಿ ಟ್ರೌಟ್ ಮೀನಿಗೆ ಗಾಳ ಹಾಕಿದೆ, ಎಲ್ಲ ಚೆನ್ನಾಗಿತ್ತು.

ಸೆಪ್ಟೆಂಬರಿನಲ್ಲಿ ಒಂದು ದಿನ ಪ್ರೊಪೆಲ್ಲರು ಮುಳುಗಿದ ಕಲ್ಲಿಗೆ ತಾಗಿ, ಅದನ್ನು ಹಿಡಿದಿಡುವ ಸಣ್ಣ ಪಿನ್ನು ತುಂಡಾಯಿತು. ಇಂಜಿನ್ ಗರ್ಜಿಸುತ್ತಿತ್ತು, ಪ್ರೊಪೆಲ್ಲರು ತಿರುಗುತ್ತಿರಲಿಲ್ಲ. ಮೂರು ಪೌಂಡಿನ ಪಿನ್ನು, ನನ್ನ ಬಳಿ ಇನ್ನೊಂದು ಇರಲಿಲ್ಲ. ಗಾಳಿಯೂ ಎಣಿಸಿದ್ದಕ್ಕಿಂತ ಬಲವಾಗಿತ್ತು. ನಾನು ನೋಡುವ ನಾರ್ವೆಯ ಹವಾಮಾನ ತಾಣದಲ್ಲಿ 10 ಎಂದಿದ್ದದ್ದು ಸೆಕೆಂಡಿಗೆ ಮೀಟರ್ ಲೆಕ್ಕ, ಅಂದರೆ ಗಂಟೆಗೆ 36 ಕಿಲೋಮೀಟರ್. ಅದನ್ನು ಮೈಲಿಯೆಂದು ಓದಿಕೊಂಡು ಹೊರಟಿದ್ದೆ. ಹುಟ್ಟು ಒಂದು ಮುರಿಯಿತು. ನೈಋತ್ಯದ ಗಾಳಿ ಕಿಲ್ಖರ್ನ್ ಕೋಟೆಯ ಕಡೆಯ ಜೊಂಡಿಗೆ ತಳ್ಳಿದ್ದರಿಂದ ಬದುಕಿದೆ. ಅದೇ ಲಾಖ್ ಆವ್‌ನಲ್ಲಿ 2009ರ ಮಾರ್ಚ್‌ನಲ್ಲಿ ದಟ್ಟ ಮಂಜಿನ ರಾತ್ರಿ ದೋಣಿಯಲ್ಲಿ ಹೊರಟ ನಾಲ್ವರು ಗಾಳಗಾರರು ತೀರಿಕೊಂಡರು. ಅಂದು ಜೊಂಡಿನಲ್ಲಿ ಕುಳಿತು ನಾನು ಅವರನ್ನೇ ನೆನೆಯುತ್ತಿದ್ದೆ. ಈಗ ಹೊಸ ಪಿನ್ನುಗಳು ಆರು ನನ್ನ ಪೆಟ್ಟಿಗೆಯಲ್ಲಿವೆ. ಇಂಜಿನ್ ಬೇಕೆಂಬ ಮಾತನ್ನು ನಾನು ಬಿಡುವುದಿಲ್ಲ.

ಇನ್ವರ್ನೆಸ್‌ನಿಂದ

ಇಂಜಿನ್ ಬೇಕೆನ್ನುವವರು ಕಾನೂನನ್ನೂ ಹೇಳಬೇಕಿತ್ತು. 2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಒಳನಾಡು ನೀರಿಗಿಳಿಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಆದರೆ ಮೋಜಿಗಾಗಿ ಓಡಿಸುವ ಮೋಟಾರು ದೋಣಿಗಳಿಗೆ ಕೊಟ್ಟಿಲ್ಲ. ಲಾಖ್ ಲೋಮಂಡಿನಲ್ಲಿ ಇಂಜಿನ್ ಇರುವ ದೋಣಿಯನ್ನು ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರದಲ್ಲಿ ನೋಂದಾಯಿಸಲೇಬೇಕು. ಪಿನ್ನಿಲ್ಲದೆ ನೀರಿಗಿಳಿದವರು ಮಕ್ಕಳನ್ನು ಕರೆದೊಯ್ಯುವ ಮನೆಯವರಿಗೆ ಇಂಜಿನನ್ನು ನಂಬಿರೆಂದು ಹೇಳುವುದು ಸರಿಯಲ್ಲ.

ಅಬರ್ಡೀನ್‌ನಿಂದ

ಅಕ್ಕ, ನನ್ನ ತಪ್ಪನ್ನು ನಾನೇ ಬರೆದೆ, ಅದನ್ನೇ ಎತ್ತಿ ನನ್ನ ಮೇಲೆ ಹಿಡಿಯಬೇಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಸರ್ಕಾರದ ನಿಷೇಧವಿದೆ, ಆಷಾಢದ ಗಾಳಿಯೂ ಇದೆ. ದೋಣಿಯನ್ನು ದಡದಲ್ಲಿ ಬಿಟ್ಟು ಕುಳಿತವನನ್ನು ನಮ್ಮಲ್ಲಿ ಯಾರೂ ಹೇಡಿ ಎನ್ನುವುದಿಲ್ಲ. ಇಲ್ಲಿ ಬೇಡವೆಂದು ಹೇಳುವ ಹಿರಿಯರು ದಂಡೆಯ ಮೇಲೆ ಇರುವುದಿಲ್ಲ, ನಾವೇ ನಮಗೆ ಹೇಳಿಕೊಳ್ಳಬೇಕು. ನನಗೆ ಆ ದಿನ ಅದು ಆಗಲಿಲ್ಲ.

ಎಡಿನ್‌ಬರೋದಿಂದ

ಇಷ್ಟೆಲ್ಲ ಏಕೆ? ಲಾಖ್ ಕ್ಯಾಟ್ರಿನ್‌ಗೆ ಹೋಗಿ ಸರ್ ವಾಲ್ಟರ್ ಸ್ಕಾಟ್ ಎಂಬ ಹಳೆಯ ಉಗಿಹಡಗಿನಲ್ಲಿ ಕುಳಿತುಕೊಳ್ಳಿ. ನಮ್ಮ ತಂದೆತಾಯಿಯನ್ನು ಕರೆದೊಯ್ದಿದ್ದೆವು, ಮಳೆ ಸುರಿದರೂ ಚಹಾ ಕುಡಿಯುತ್ತ ನೋಡಿದೆವು. 1859ರಿಂದ ಗ್ಲಾಸ್ಗೋ ನಗರಕ್ಕೆ ಕುಡಿಯುವ ನೀರು ಹೋಗುವುದು ಅಲ್ಲಿಂದಲೇ.

ಗ್ಲಾಸ್ಗೋದಿಂದ

ಅವರು ಕೇಳಿದ್ದು ಸಣ್ಣ ದೋಣಿಯ ಬಗ್ಗೆ. ಉಗಿಹಡಗಿನ ಚಹಾ ಇಲ್ಲಿ ಯಾರಿಗೂ ಬೇಕಾಗಿಲ್ಲ.

ಡಂಡೀಯಿಂದ

ನಾನು ಆಸ್ಪತ್ರೆಯಲ್ಲಿ ನರ್ಸ್, ಊರು ಹಾಸನ. ನೀವೆಲ್ಲ ದೋಣಿಯ ಬೆಲೆಯನ್ನು ಬರೆದಿರಿ, ನೀರಿಗೆ ಬಿದ್ದ ಮೇಲಿನದನ್ನು ಬರೆಯಲಿಲ್ಲ. ಈಜು ಬಲ್ಲೆವೆಂಬ ಭರವಸೆ ತಣ್ಣೀರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಬಾಯಿ ತಾನಾಗಿ ತೆರೆಯುತ್ತದೆ, ಆಗ ಮುಖ ನೀರಿನ ಮೇಲಿರುವಂತೆ ಮಾಡುವುದು ಲೈಫ್ ಜಾಕೆಟ್ ಮಾತ್ರ. ಅನಂತರ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಅಷ್ಟರಲ್ಲಿ ದೋಣಿ ಹತ್ತದಿದ್ದರೆ ಬೆರಳುಗಳು ಹಗ್ಗವನ್ನೂ ಹಿಡಿಯುವುದಿಲ್ಲ. ಪ್ರಜ್ಞೆ ಹೋಗಲು ಒಂದು ಗಂಟೆ ಹಿಡಿಯಬಹುದು, ಏಳು ವರ್ಷದ ಮಗುವಿಗೆ ಅಷ್ಟು ಹೊತ್ತೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಲಿನ್ ಆಫ್ ಟಮೆಲ್ ಎಂಬಲ್ಲಿ ಡಂಡೀ ವಿಶ್ವವಿದ್ಯಾಲಯದ ಇಬ್ಬರು ಭಾರತೀಯ ವಿದ್ಯಾರ್ಥಿಗಳು ನೀರು ಪಾಲಾದರು. ಅವರು ದೋಣಿಯಲ್ಲಿರಲಿಲ್ಲ, ಆದರೆ ನೀರು ಇದೇ ತಣ್ಣನೆಯ ನೀರು. ಆ ವಾರ ಇಲ್ಲಿನ ನಮ್ಮವರ ಮನೆಗಳಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಮ್ಮ ಮನೆಯವರು ಹೋದದ್ದು ಮಾರ್ಗದರ್ಶಕರ ಜೊತೆ. ದೊಡ್ಡವರಿಗೆ 65 ಮತ್ತು ಮಕ್ಕಳಿಗೆ 45ರಂತೆ ಒಟ್ಟು 220 ಪೌಂಡ್ ಕಟ್ಟಿ, ಎರಡು ಗಂಟೆ ಕಾರು ಓಡಿಸಿ ಬೆಳಿಗ್ಗೆ ಎಂಟೂವರೆಗೆ ತಲುಪಿದರೆ, ಆ ಮಾರ್ಗದರ್ಶಕಿ ನೀರನ್ನು ಐದು ನಿಮಿಷ ನೋಡಿ ಇಂದು ಆಗದು ಎಂದರು. ಆಕಾಶ ಶುಭ್ರವಾಗಿತ್ತು. ನಾನು ಸಿಟ್ಟಿನಿಂದ ಮಾತನಾಡಿದೆ, ಅದಕ್ಕಾಗಿ ಇಂದಿಗೂ ನಾಚಿಕೆಪಡುತ್ತೇನೆ. ಹನ್ನೊಂದರ ಹೊತ್ತಿಗೆ ಆ ನೀರಿನ ಮೇಲೆಲ್ಲ ಬಿಳಿಯ ನೊರೆ. ಹಣವನ್ನು ಹಿಂದಿರುಗಿಸಿದರು, ಪೆಟ್ರೋಲು ಮತ್ತು ಊಟದ 58 ಪೌಂಡ್ ಮಾತ್ರ ನಮ್ಮ ಪಾಲಿಗೆ. ಮುಂದಿನ ತಿಂಗಳು ಅವರೇ ಏವಿಮೋರ್ ಹತ್ತಿರದ ಲಾಖ್ ಮಾರ್ಲಿಕ್‌ಗೆ ಕರೆದೊಯ್ದರು. ಅದು ಚಿಕ್ಕದು, ಒಂದು ತುದಿಯಲ್ಲಿ ಮರಳಿನ ದಂಡೆಯಿದೆ, ಬಾಡಿಗೆ ದೋಣಿಗಳೂ ಅಲ್ಲಿಯೇ ಸಿಗುತ್ತವೆ. ಡ್ರಮ್‌ನಡ್ರಾಖಿಟ್‌ನಿಂದ ಹೋಗಿಬರಬಹುದು.

ಇನ್ವರ್ನೆಸ್‌ನಿಂದ

ಮಾರ್ಲಿಕ್ ಬಗ್ಗೆ ಹೇಳಿದ್ದು ಸರಿ. ಅಷ್ಟು ದೂರ ಬೇಡವಾದರೆ ಫೋರ್ಟ್ ಆಗಸ್ಟಸ್‌ನಿಂದ ಮೇಲಕ್ಕೆ ಕಾಲುವೆಯಲ್ಲಿಯೇ ಒಂದು ದಿನ ಕಳೆಯಬಹುದು, ಎರಡೂ ದಂಡೆ ಕೈಗೆಟಕುವಷ್ಟು ಹತ್ತಿರ. ಮಾರ್ಗದರ್ಶಕರಿದ್ದರೆ ಸಾಕೆಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾವೇ ಕಲಿಯದೆ ಪ್ರತಿ ಸಲ 220 ಕೊಡುತ್ತ ಹೋದರೆ ಮೂರು ವರ್ಷದಲ್ಲಿ ನನ್ನ ದೋಣಿ ಮತ್ತು ಡ್ರೈಸೂಟ್‌ಗಳ ಬೆಲೆ ದಾಟುತ್ತದೆ. ಕೊನೆಯದಾಗಿ, ಲಾಖ್ ನೆಸ್‌ನಲ್ಲಿ 2008ರಿಂದ ಆರ್‌ಎನ್‌ಎಲ್‌ಐ ಸಂಸ್ಥೆಯ ರಕ್ಷಣಾ ದೋಣಿ ಇದೆ, ಅದರಲ್ಲಿ ಹೋಗುವವರು ಸ್ವಯಂಸೇವಕರು. ಕರೆಯಲು 999. ಬೆಟ್ಟಗಳ ನಡುವೆ ಫೋನಿನ ಸಂಪರ್ಕ ತಪ್ಪುವ ಕಡೆಗಳಿವೆ, ಅದಕ್ಕಾಗಿಯೇ ನಾನು ರೇಡಿಯೋ ಕೊಂಡದ್ದು.

ಡಂಡೀಯಿಂದ

ನನ್ನ ಮಕ್ಕಳು ವರ್ಷಕ್ಕೆ ಒಂದು ಸಲ ದೋಣಿ ಹತ್ತುವವರು. ನಿಮ್ಮ ಲೆಕ್ಕ ನಿಮಗೆ ಸರಿಯಿರಬಹುದು, ನಮಗೆ ಅಲ್ಲ.

ಗ್ಲಾಸ್ಗೋದಿಂದ

ಇನ್ವರ್ನೆಸ್‌ನವರ ಉಡುಪಿನ ಬಗ್ಗೆ ನಾನು ಆಡಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಬೀಸುಗಾಳಿಯ ಸಾಲನ್ನು ಓದಿದ್ದಿರೇ ಎಂದು ಕೇಳಿದ್ದರು. ಓದಿದ್ದೆ. 24 ಎಂದಿತ್ತು. ನನ್ನ ಹೆಂಡತಿಯೂ ಅದನ್ನು ನೋಡಿ, ದಂಡೆಯಲ್ಲಿಯೇ ಆಡಿಕೊಂಡು ಹೋಗೋಣ ಎಂದಿದ್ದಳು. ದೋಣಿಗೆ ಗಾಳಿ ತುಂಬಿಸಿ ಆಗಿತ್ತು, ಮಧ್ಯಾಹ್ನ ಎರಡರವರೆಗೆ ನಿಲುಗಡೆಗೆ ಹಣವನ್ನೂ ಕಟ್ಟಿಯಾಗಿತ್ತು. ಅದನ್ನೇ ಹೇಳಿ ನಾನು ಅವರನ್ನು ಇಳಿಸಿದೆ.