‘ಎರಡು ವರ್ಷದ ಪದವಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೆ ಕಲಬುರಗಿಯಿಂದ ನಮಸ್ಕಾರ.

ಅಮೆರಿಕಕ್ಕೆ ಓದಲು ಹೋಗಬಯಸುವ ಇಲ್ಲಿನ ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದು, ಅಲ್ಲಿನ ಸಮುದಾಯ ಕಾಲೇಜುಗಳು ವ್ಯಾಪಾರ ನಿರ್ವಹಣೆಯಲ್ಲಿ ಕೊಡುವ ‘ಅಸೋಸಿಯೇಟ್ ಡಿಗ್ರಿ’ಗೆ ಯಾವ ಪದ ಬಳಸಬೇಕೆಂಬುದು ಬಗೆಹರಿಯದೆ ಉಳಿದಿದೆ. ಹನ್ನೆರಡನೆಯ ತರಗತಿ ಮುಗಿಸಿದವರು ಎರಡು ವರ್ಷ ಓದಿ, ಸಾಮಾನ್ಯವಾಗಿ 60 ಕ್ರೆಡಿಟ್ (ಓದಿನ ಪ್ರಮಾಣವನ್ನು ಅಳೆಯುವ ಮಾನ) ಗಳಿಸಿ ಪಡೆಯುವ ಪದವಿ ಅದು. ಬ್ಯಾಚುಲರ್ ಪದವಿಗೆ ಸುಮಾರು 120 ಕ್ರೆಡಿಟ್ ಬೇಕಾಗುವುದರಿಂದ, ಮುಂದೆ ಓದುವವರು ತಾವು ಸೇರುವ ವಿಶ್ವವಿದ್ಯಾಲಯವು ಒಪ್ಪಿದಷ್ಟು ಕ್ರೆಡಿಟ್‌ಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

‘ಎರಡು ವರ್ಷದ ಪದವಿ’ ಎಂದೇ ಬರೆದರೆ ಸಾಲದೇ ಎಂದು ಕೇಳಬಹುದು. ನಮ್ಮ ಭಾಗದಲ್ಲಿ ಎರಡು ವರ್ಷದ ಕಾಲೇಜು ಎಂದರೆ ಪಿಯುಸಿ. ಮ್ಯಾನೇಜ್‌ಮೆಂಟಿನಲ್ಲಿ ಎರಡು ವರ್ಷದ ಡಿಗ್ರಿ ಎಂದರೆ ಎಂಬಿಎ. ಒಂದು ಪದವಿಗೆ ಮೊದಲಿನದು, ಇನ್ನೊಂದು ಪದವಿಯ ನಂತರದ್ದು. ನಡುವಿನ ಬಿಬಿಎಗೆ ಮೂರು ವರ್ಷ. ಹೀಗಾಗಿ ಓದುಗರು ಅಸೋಸಿಯೇಟ್ ಪದವಿಯನ್ನು ಎಂಬಿಎ ಎಂದು ತಿಳಿದುಬಿಡುವ ಅಪಾಯವಿದೆ. ಶುಲ್ಕ ಕಟ್ಟುವ ತಂದೆತಾಯಿಗಳ ಮಟ್ಟಿಗೆ ಇದು ಸಣ್ಣ ಗೊಂದಲವಲ್ಲ.

‘ಸಹ ಪದವಿ’ ಎಂದರೆ, ‘ಸಹ ಪ್ರಾಧ್ಯಾಪಕ’ದ ಮಾದರಿಯಲ್ಲಿ ಮೂಲಕ್ಕೆ ಹತ್ತಿರವೇನೋ ಆಗುತ್ತದೆ, ಆದರೆ ಇನ್ನೊಂದು ಪದವಿಯ ಜೊತೆಜೊತೆಗೆ ಓದುವಂಥದ್ದು ಎಂಬ ಅರ್ಥ ಬರುತ್ತದೆ. ‘ಪೂರ್ವಪದವಿ’ಯು ಪದವಿಪೂರ್ವದೊಡನೆ ತೊಡರಿಕೊಳ್ಳುತ್ತದೆ. ‘ದ್ವೈವಾರ್ಷಿಕ’ವನ್ನು ಎರಡು ವರ್ಷಕ್ಕೊಮ್ಮೆ ನಡೆಯುವುದು ಎಂದೂ ಓದಬಹುದು. ‘ಡಿಪ್ಲೊಮಾ’ ಎಂದೊಡನೆ ಎಲ್ಲರಿಗೂ ಪಾಲಿಟೆಕ್ನಿಕ್ ನೆನಪಾಗುತ್ತದೆ. ನನ್ನ ಒಲವು ‘ಕಿರುಪದವಿ’ಯ ಕಡೆಗಿದೆ, ಆದರೂ ಅದರಲ್ಲಿ ಕೀಳೆಣಿಕೆಯ ಛಾಯೆ ಇದೆಯೇ ಎಂಬ ಅಳುಕು ಉಂಟು.

ಇನ್ನು ‘ಮ್ಯಾನೇಜ್‌ಮೆಂಟ್’. ‘ನಿರ್ವಹಣೆ’ ರೂಢಿಯಲ್ಲಿದೆ, ಆದರೆ ರಸ್ತೆ, ಕೊಳವೆಬಾವಿಗಳ ದುರಸ್ತಿಗೂ ಅದೇ ಪದ. ‘ಆಡಳಿತ’ ಎಂದರೆ ಸರ್ಕಾರವೇ ಕಣ್ಮುಂದೆ ಬರುತ್ತದೆ. ನಮ್ಮ ಕಡೆಯ ಆಡುಮಾತಿನಲ್ಲಿ ಇದಕ್ಕೆಲ್ಲ ‘ಕಾರಭಾರ’ ಎಂಬ ಗಟ್ಟಿ ಪದವಿದೆ. ಹೊಲಮನೆ, ಮಠ, ತೊಗರಿಯ ಅಡತಿ ಅಂಗಡಿ, ಯಾವುದರ ಮೇಲುಸ್ತುವಾರಿಗೂ ಅದು ಸಲ್ಲುತ್ತದೆ, ಹಣ, ಆಳುಕಾಳು, ಸರಕು ಮೂರನ್ನೂ ಒಳಗೊಳ್ಳುತ್ತದೆ. ತೊಡಕೆಂದರೆ, ‘ಆ ಮನ್ಯಾಗ ಎಲ್ಲಾ ಅಕಿದೇ ಕಾರಭಾರ’ ಎನ್ನುವಾಗ ಅದರಲ್ಲಿ ದರ್ಬಾರಿನ ಕೊಂಕೂ ಇಣುಕುತ್ತದೆ. ಆದ್ದರಿಂದ ಹೊತ್ತಗೆಯ ಹೆಸರಿನಲ್ಲಿ ‘ನಿರ್ವಹಣೆ’ಯನ್ನೇ ಉಳಿಸಿ, ವಿವರಣೆಯಲ್ಲಿ ಮಾತ್ರ ‘ಕಾರಭಾರ’ವನ್ನು ಬಳಸುವ ಯೋಚನೆಯಿದೆ.

ಮೈಸೂರು, ಮಂಗಳೂರು ಕಡೆಯ ಓದುಗರಿಗೆ ‘ಕಾರಭಾರ’ ಕೊಂಕಿಲ್ಲದೆ ಅರ್ಥವಾಗುತ್ತದೆಯೇ? ‘ಕಿರುಪದವಿ’ಗಿಂತ ಮೇಲಾದ ಪದವನ್ನು ಯಾರಾದರೂ ಈಗಾಗಲೇ ಬಳಸಿದ್ದರೆ, ಬಳಸಿದ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.