ಸ್ಯಾಂಕ್ಷನ್‌ಗೆ ಕನ್ನಡದಲ್ಲಿ ಏನನ್ನೋಣ? ನಿರ್ಬಂಧ, ನಿಷೇಧ, ದಿಗ್ಬಂಧನಗಳ ಗೊಂದಲ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಒಂದು ದೇಶವನ್ನು ಬಗ್ಗಿಸಬೇಕು ಅಂತ ಇನ್ನೊಂದು ದೇಶ ಅದರ ಜೊತೆ ವ್ಯಾಪಾರ, ಬ್ಯಾಂಕ್ ವ್ಯವಹಾರ ಎಲ್ಲ ನಿಲ್ಲಿಸುತ್ತದಲ್ಲ, ಸ್ಯಾಂಕ್ಷನ್ಸ್ ಅಂತಾರಲ್ಲ, ಅದಕ್ಕೆ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ‘ನಿರ್ಬಂಧ’ ಅಂತ ಇರುತ್ತದೆ. ಕೆಲವು ಸಲ ‘ದಿಗ್ಬಂಧನ’, ಕೆಲವು ಸಲ ‘ನಿಷೇಧ’. ಈ ಮೂರೂ ಒಂದಕ್ಕೊಂದು ಬೇರೆ, ಮತ್ತು ಸ್ಯಾಂಕ್ಷನ್ ಇವುಗಳಲ್ಲಿ ಯಾವುದೂ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ನಮ್ಮ ಕಡೆ ‘ಸ್ಯಾಂಕ್ಷನ್ ಆಯ್ತು’ ಅಂದರೆ ಸಾಲ ಮಂಜೂರಾಯಿತು ಅಂತ ಅರ್ಥ. ‘ಇರಾನ್‌ಗೆ ಸ್ಯಾಂಕ್ಷನ್’ ಅಂತ ಬರೆದರೆ ಅವರಿಗೆ ಏನೋ ದುಡ್ಡು ಸಿಕ್ಕಿತು ಅಂದುಕೊಳ್ಳುವವರೇ ಜಾಸ್ತಿ.

ಇದು ಸುಮ್ನೆ ಪದದ ಮೇಲಿನ ಹಟ ಅಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತಮುತ್ತ ಬದುಕು ನಿಂತಿರುವುದೇ ಭತ್ತ ಮತ್ತು ರೈಸ್ ಮಿಲ್‌ಗಳ ಮೇಲೆ. ರಫ್ತಿನ ಸುದ್ದಿ ಬಂದರೆ ಭತ್ತದ ರೇಟು ಅಲ್ಲಾಡುತ್ತದೆ. ಹಾಗಾಗಿ ಇಲ್ಲಿ ಈ ಸುದ್ದಿಗಳನ್ನು ಜನ ಗಮನ ಕೊಟ್ಟು ಓದುತ್ತಾರೆ, ಓದಿ ಲೆಕ್ಕ ಹಾಕುತ್ತಾರೆ. ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ನಮ್ಮ ವಿದೇಶ ವ್ಯಾಪಾರ ನಿರ್ದೇಶನಾಲಯದ ರಫ್ತು ಪಟ್ಟಿಯನ್ನೇ ನೋಡಿ. ಅಲ್ಲಿ ‘ಮುಕ್ತ’, ‘ನಿರ್ಬಂಧಿತ’, ‘ನಿಷೇಧಿತ’ ಬೇರೆ ಬೇರೆ ವರ್ಗಗಳು. ನಿರ್ಬಂಧಿತ ಅಂದರೆ ಲೈಸೆನ್ಸ್ ಅಥವಾ ಅನುಮತಿ ತಗೊಂಡು ಕಳಿಸಬಹುದು. ನಿಷೇಧಿತ ಅಂದರೆ ಮಾಮೂಲಿ ವ್ಯಾಪಾರಿಗೆ ಬಾಗಿಲು ಮುಚ್ಚಿತು. 2022ರ ಮೇ 13ರಂದು ಗೋಧಿ ನಿಷೇಧಿತ ಆಯಿತು. ಅದೇ ವರ್ಷ ಜೂನ್ 1ರಿಂದ ಸಕ್ಕರೆ ನಿರ್ಬಂಧಿತ ಆಯಿತು. ಎರಡೂ ಹೆಚ್ಚು ಕಡಿಮೆ ಒಂದೇ ಹೊತ್ತಿನವು, ಆದರೆ ಎರಡರ ಪರಿಣಾಮ ಬೇರೆ. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ ನಿಷೇಧ, 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯೂ ನಿಷೇಧ, ಅಂದರೆ ನಮ್ಮ ಸೋನಾ ಮಸೂರಿಯೂ ಅದರಲ್ಲಿ ಸೇರಿತು. ಬೇರೆ ದೇಶದ ಸರ್ಕಾರ ಕೇಳಿಕೊಂಡು, ಕೇಂದ್ರ ಒಪ್ಪಿದರೆ ಮಾತ್ರ ಕಳಿಸಬಹುದಿತ್ತು. ಕುಚ್ಚಲಕ್ಕಿಗೆ ನಿಷೇಧ ಇರಲಿಲ್ಲ. ಆಗಸ್ಟ್‌ನಲ್ಲಿ ಅದಕ್ಕೆ ಶೇ 20ರಷ್ಟು ರಫ್ತು ಸುಂಕ ಬಂತು. 2024ರ ಸೆಪ್ಟೆಂಬರ್ ಕೊನೆಗೆ ಬಿಳಿ ಅಕ್ಕಿಯ ನಿಷೇಧ ತೆಗೆದರು, ಆದರೆ ಟನ್ನಿಗೆ ಕನಿಷ್ಠ 490 ಡಾಲರ್ ಬೆಲೆ ಇರಬೇಕು ಅಂತ ಷರತ್ತು ಹಾಕಿದರು. ಅಕ್ಟೋಬರ್‌ನಲ್ಲಿ ಆ ಷರತ್ತೂ ಹೋಯಿತು. ಪೂರ್ತಿ ತಡೆ, ಸುಂಕ, ಬೆಲೆಯ ಷರತ್ತು, ಇಷ್ಟನ್ನೂ ‘ಅಕ್ಕಿ ರಫ್ತಿಗೆ ನಿರ್ಬಂಧ’ ಅಂತ ಒಂದೇ ಸಾಲಿನಲ್ಲಿ ಬರೆದರೆ ಮಿಲ್ಲಿನವರು ಏನಂತ ತಿಳಿಯಬೇಕು? ಶೀರ್ಷಿಕೆಯಲ್ಲಿ ‘ಕಡಿವಾಣ’ ಬಂದರಂತೂ ಮುಗಿಯಿತು, ಅದರಿಂದ ಏನೂ ಗೊತ್ತಾಗುವುದಿಲ್ಲ.

ಬಳ್ಳಾರಿ, ಸಂಡೂರು ಕಡೆಯವರಿಗೂ ಇದು ಹೊಸದಲ್ಲ. ಅಲ್ಲಿ ‘ಬ್ಯಾನ್ ಆದಾಗ’ ಅಂತ ಮಾತಾಡುವಾಗ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ಪರ್ಮಿಟ್ ಕೊಡುವುದನ್ನು ನಿಲ್ಲಿಸಿದ್ದೂ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿದ್ದೂ ಒಂದೇ ಆಗಿಬಿಟ್ಟಿವೆ. 2022ರ ಮೇ 20ರಂದು ಕೋರ್ಟ್ ರಫ್ತಿಗೆ ಅವಕಾಶ ಕೊಟ್ಟಿತು. ಎರಡೇ ದಿನದಲ್ಲಿ ಕೇಂದ್ರದ ಶೇ 50ರ ರಫ್ತು ಸುಂಕ ಜಾರಿಗೆ ಬಂತು, ನವೆಂಬರ್‌ವರೆಗೂ ಇತ್ತು. ಆಗ ಕಾನೂನಿನಲ್ಲಿ ನಿಷೇಧ ಇರಲಿಲ್ಲ, ಆದರೂ ಅದಿರನ್ನು ಹೊರಗೆ ಮಾರುವುದು ಕಷ್ಟವೇ ಆಗಿತ್ತು. ಇಂಥ ಕಡೆ ‘ಸುಂಕ’ ಅಂತ ಸ್ಪಷ್ಟವಾಗಿ ಬರೆದರೆ ಸಾಕು.

ಈಗ ದಿಗ್ಬಂಧನಕ್ಕೆ ಬರೋಣ. ಈ ಪದ ನನಗೆ ಇಷ್ಟ. ಮಂತ್ರ ಹಾಕಿ ದಿಕ್ಕುಗಳನ್ನು ಕಟ್ಟುವುದು ಅಂತ ಹಳೆಯ ಅರ್ಥ, ಅದು ಹಳ್ಳಿಯವರಿಗೂ ಗೊತ್ತು. ಸುತ್ತಲೂ ಕಟ್ಟಿಹಾಕಿದ್ದಾರೆ ಅನ್ನೋದು ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಇದನ್ನು ಯುದ್ಧನೌಕೆ ನಿಲ್ಲಿಸಿ ಬಂದರು ಮುಚ್ಚುವುದಕ್ಕೆ, ಅಂದರೆ ಬ್ಲಾಕೇಡ್‌ಗೆ ಮಾತ್ರ ಉಳಿಸಿಕೊಳ್ಳಬೇಕು. ವಿಶ್ವಸಂಸ್ಥೆಯ ಸನ್ನದಿನಲ್ಲೇ ಈ ಗೆರೆ ಇದೆ. 41ನೇ ವಿಧಿಯಲ್ಲಿ ಆರ್ಥಿಕ ಸಂಬಂಧ, ರೈಲು, ಅಂಚೆ, ಸಂಪರ್ಕ ಕಡಿಯುವ ಮಾತು. ಅಲ್ಲಿ ಸೈನ್ಯ ಇಲ್ಲ. ಬ್ಲಾಕೇಡ್ ಬರುವುದು 42ನೇ ವಿಧಿಯಲ್ಲಿ, ಸೈನ್ಯದ ಕ್ರಮಗಳ ಜೊತೆ.

ಕ್ಯೂಬಾದ ಉದಾಹರಣೆ ನೋಡಿದರೆ ಪದ ಎಷ್ಟು ಭಾರ ಹೊರುತ್ತದೆ ಅಂತ ಗೊತ್ತಾಗುತ್ತದೆ. 1962ರ ಫೆಬ್ರವರಿಯಲ್ಲಿ ಅಮೆರಿಕ ಅದರ ಜೊತೆಗಿನ ವ್ಯಾಪಾರ ನಿಲ್ಲಿಸಿತು, ಅದು ಎಂಬಾರ್ಗೊ. ಅಕ್ಟೋಬರ್‌ನಲ್ಲಿ ಸೋವಿಯತ್ ಕ್ಷಿಪಣಿಗಳು ಅಲ್ಲಿವೆ ಅಂತ ಗೊತ್ತಾದ ಮೇಲೆ ಅಮೆರಿಕದ ಅಧ್ಯಕ್ಷ ಕೆನಡಿ ದ್ವೀಪದ ಸುತ್ತ ನೌಕಾಪಡೆ ನಿಲ್ಲಿಸಿದರು. ಮಾಡಿದ್ದು ಹಡಗು ತಡೆಯುವ ಕೆಲಸವೇ, ಆದರೆ ಬ್ಲಾಕೇಡ್ ಅಂದರೆ ಯುದ್ಧದ ಕೃತ್ಯ ಆಗುತ್ತದೆ ಅಂತ ಬೇಕಂತಲೇ ಕ್ವಾರಂಟೈನ್ ಅಂತ ಕರೆದರು. ಇತ್ತ ಕ್ಯೂಬಾದವರು ಎಂಬಾರ್ಗೊವನ್ನು ಇವತ್ತಿಗೂ ಬ್ಲಾಕೇಡ್ ಅಂತಲೇ ಕರೆಯುತ್ತಾರೆ, ಅದೂ ಬೇಕಂತಲೇ. ಒಬ್ಬರು ಪದ ಇಳಿಸಿದರು, ಇನ್ನೊಬ್ಬರು ಏರಿಸಿದರು. ಕನ್ನಡದಲ್ಲಿ ಎರಡಕ್ಕೂ ದಿಗ್ಬಂಧನ ಅಂದರೆ ಈ ರಾಜಕೀಯವೇ ಓದುಗರಿಗೆ ಕಾಣುವುದಿಲ್ಲ. ಗೊತ್ತಿಲ್ಲದೆ ನಾವೂ ಒಂದು ಪಕ್ಷ ಸೇರಿರುತ್ತೇವೆ.

ಹಾಗಾದರೆ ಸ್ಯಾಂಕ್ಷನ್‌ಗೆ ಏನು? ಅದರಲ್ಲಿ ಮುಖ್ಯವಾದದ್ದು ಶಿಕ್ಷೆ. ಅಕ್ಕಿ ರಫ್ತು ನಿಲ್ಲಿಸಿದ್ದು ಯಾರ ಮೇಲಿನ ಸಿಟ್ಟಿಗೂ ಅಲ್ಲ, ಇಲ್ಲಿ ಬೆಲೆ ಏರಬಾರದು ಅಂತ. ಇರಾನ್ ಮೇಲಿನದ್ದು ಹಾಗಲ್ಲ. ನಮ್ಮ ಪರಿಚಯದ ಮಿಲ್ಲಿನವರೊಬ್ಬರು ಪೇಪರ್ ಓದಿ ಕೇಳಿದ್ದರು: “ಅಲ್ರೀ, ಇರಾನ್ ಮ್ಯಾಲೆ ನಿರ್ಬಂಧ ಅಂತ ಬರ್ದಾರಲ್ಲ, ಅದು ನಮ್ಮ ಸರ್ಕಾರ ಹಾಕಿದ್ದೇನ್ರೀ?” ಪ್ರಶ್ನೆ ಸರಿಯಾಗೇ ಇದೆ. ಭಾರತ ಹಾಕಿದ್ದಲ್ಲ, ಅಮೆರಿಕ ಹಾಕಿದ್ದು. ಆದರೂ 2019ರ ಮೇ ನಂತರ ನಾವು ಇರಾನ್ ತೈಲ ಕೊಳ್ಳುವುದನ್ನು ನಿಲ್ಲಿಸಿದೆವು, ಯಾಕೆಂದರೆ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿಯಿತು. ಹಿಂದೆ ಹಳ್ಳಿಗಳಲ್ಲಿ ಒಂದು ಮನೆಯನ್ನು ಊರು ಹೊರಗಿಟ್ಟರೆ ಕಿರಾಣಿ ಅಂಗಡಿಯವನು ಸಾಮಾನು ಕೊಡುವಂತಿರಲಿಲ್ಲ, ಗಿರಣಿಯವನು ಜೋಳ ಬೀಸಿಕೊಡುವಂತಿರಲಿಲ್ಲ, ಕೊಟ್ಟರೆ ಅವನಿಗೂ ದಂಡ. ಆ ‘ಅವನಿಗೂ ದಂಡ’ ಅನ್ನೋದೇ ಸೆಕೆಂಡರಿ ಸ್ಯಾಂಕ್ಷನ್, ಅಂದರೆ ಇರಾನ್ ಜೊತೆ ವ್ಯವಹಾರ ಮಾಡಿದ ಮೂರನೆಯವರಿಗೂ ಶಿಕ್ಷೆ. ನಿರ್ಬಂಧ ಅನ್ನುವ ಪದದಲ್ಲಿ ಇದರ ಸುಳಿವೇ ಇಲ್ಲ.

ಆ ಲೆಕ್ಕದಲ್ಲಿ ‘ಆರ್ಥಿಕ ಬಹಿಷ್ಕಾರ’ ತುಂಬ ಹತ್ತಿರ ಬರುತ್ತದೆ. ತೊಡಕು ಏನೆಂದರೆ ವಿದೇಶಿ ಬಟ್ಟೆ ಬಹಿಷ್ಕಾರದ ಕಾಲದಿಂದ ಅದು ಬಾಯ್ಕಾಟ್‌ಗೆ ನಿಂತುಬಿಟ್ಟಿದೆ. ಬಾಯ್ಕಾಟ್ ಜನ ತಾವಾಗಿ ಮಾಡುವುದು, ಇದು ಸರ್ಕಾರದ ಆಜ್ಞೆ. ತೆಲುಗು ಪತ್ರಿಕೆಗಳನ್ನು ನಮ್ಮ ಕಡೆ ಬಹಳ ಓದುತ್ತಾರೆ, ಅಲ್ಲಿ ‘ಆಂಕ್ಷಲು’ ಇದೆ, ಆದರೆ ಅದೂ ನಮ್ಮ ನಿರ್ಬಂಧದ ಹಾಗೆ ಎಲ್ಲದಕ್ಕೂ ಬಳಕೆ ಆಗುತ್ತದೆ. ನನ್ನ ಒಲವು ‘ದಂಡನಾ ನಿರ್ಬಂಧ’ದ ಕಡೆ. ಮೊದಲ ಸಲ ಹಾಗೆ ಬರೆದು, ಯಾರು ಯಾರ ಮೇಲೆ ಹಾಕಿದ್ದು ಅಂತ ಹೇಳಿ, ಮುಂದೆ ಬರೀ ‘ದಂಡನೆ’ ಅಂದರೂ ನಡೆಯುತ್ತದೆ. ಆದರೆ 2025ರ ಆಗಸ್ಟ್ 27ರಿಂದ ಅಮೆರಿಕ ರಷ್ಯಾ ತೈಲದ ನೆಪದಲ್ಲಿ ನಮ್ಮ ಸರಕಿನ ಮೇಲೆ ಹೆಚ್ಚುವರಿ ಶೇ 25 ಹಾಕಿತಲ್ಲ, ಅದು ರೂಪದಲ್ಲಿ ಸುಂಕ, ಉದ್ದೇಶದಲ್ಲಿ ಶಿಕ್ಷೆ. ಅದನ್ನು ‘ದಂಡನಾ ಸುಂಕ’ ಅನ್ನಬಹುದು ಅಲ್ವಾ?

ಇದರ ಜೊತೆ ಇನ್ನೊಂದು ಸಣ್ಣ ವಿಷಯ. ರಷ್ಯಾದ ಕೇಂದ್ರ ಬ್ಯಾಂಕಿನ ಹಣವನ್ನು 2022ರಲ್ಲಿ ಫ್ರೀಜ್ ಮಾಡಿದ್ದಕ್ಕೆ ‘ಮುಟ್ಟುಗೋಲು’ ಅಂತ ದಯವಿಟ್ಟು ಬರೆಯಬೇಡಿ. ಮುಟ್ಟುಗೋಲು ಅಂದರೆ ಆಸ್ತಿ ಕೈಬಿಟ್ಟು ಹೋಯಿತು ಅಂತ. ಫ್ರೀಜ್ ಆದ ಹಣ ಇನ್ನೂ ಅವರದೇ, ತೆಗೆಯುವ ಹಾಗಿಲ್ಲ ಅಷ್ಟೆ. ‘ತಡೆಹಿಡಿದ ಹಣ’ ಸಾಕಲ್ಲ.

ಹಳೆಯ ಪತ್ರಿಕೆ ಇಟ್ಟುಕೊಂಡವರಿಗೆ ನನ್ನ ಕೇಳಿಕೆ ಇದು. 1946ರಲ್ಲಿ ಭಾರತ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ಕಡಿದುಕೊಂಡಾಗ, 1990ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಇರಾಕ್ ಮೇಲೆ ಕ್ರಮ ತಗೊಂಡಾಗ, 1998ರ ಪೋಖ್ರಾನ್ ಪರೀಕ್ಷೆ ಆದಮೇಲೆ ಅಮೆರಿಕ ನಮ್ಮ ಮೇಲೇ ಸ್ಯಾಂಕ್ಷನ್ ಹಾಕಿದಾಗ, ಕನ್ನಡದ ವರದಿಗಳು ಯಾವ ಪದ ಬಳಸಿದವು? ಇದಕ್ಕೆ ಯಾರಾದರೂ ಒಳ್ಳೆಯ ಪದ ಆಗಲೇ ಕಟ್ಟಿದ್ದರೆ ನಾವು ಹೊಸದು ಹುಡುಕುವ ಕೆಲಸವೇ ಇಲ್ಲ. ವಾಕ್ಯದ ಸಮೇತ ಕಳಿಸಿದರೆ ಇನ್ನೂ ಒಳ್ಳೆಯದು.