ಶುಲ್ಕ ಅರ್ಧರ್ಧ ಸರಿ, ಹಣ ಮರಳಿಸುವಾಗ ಯಾರ ಪಾಲು?

ಪ್ರಶ್ನೆ, ಉಡುಪಿಯಿಂದ:
ಮೂರು ವರ್ಷಗಳಿಂದ ಒಬ್ಬಳೇ ನೇಮಕಾತಿ ಏಜೆನ್ಸಿ ನಡೆಸುತ್ತಿದ್ದೇನೆ. ಕುಂದಾಪುರ, ಕಾರ್ಕಳದ ಕಡೆಯ ನರ್ಸ್‌ಗಳು, ಅಕೌಂಟೆಂಟ್‌ಗಳು, ಡಿಪ್ಲೊಮಾ ಮುಗಿಸಿದವರು ನನ್ನಲ್ಲಿ ತುಂಬಾ ಇದ್ದಾರೆ. ಕೆಲಸ ಕೊಡುವ ಕಂಪನಿಗಳು ಕಡಿಮೆ. ಮಂಗಳೂರಿನ ಒಬ್ಬ ಏಜೆನ್ಸಿಯವರದು ಇದಕ್ಕೆ ತದ್ವಿರುದ್ಧ ಸ್ಥಿತಿ. ಸೇರಿ ಮಾಡೋಣ, ಬಂದ ಶುಲ್ಕ ಅರ್ಧರ್ಧ ಎಂದಿದ್ದಾರೆ. ಬಾಯಿಮಾತು ಸಾಕೇ? ಹೀಗೆ ಪಾಲು ಮಾಡಿಕೊಂಡವರು ದಯವಿಟ್ಟು ಅನುಭವ ಹೇಳಿ.

ಕಂಕನಾಡಿಯಿಂದ:
ಹನ್ನೊಂದು ವರ್ಷಗಳಲ್ಲಿ ನಾಲ್ವರ ಜೊತೆ ಪಾಲು ಹಂಚಿಕೊಂಡಿದ್ದೇನೆ. ಹಣ ಬರುವಾಗ ಒಮ್ಮೆಯೂ ಜಗಳವಾಗಿಲ್ಲ. ಆದದ್ದೆಲ್ಲ ಹಣ ಹಿಂದೆ ಹೋಗುವಾಗ.

ಬೈಕಂಪಾಡಿಯ ಒಂದು ಕಾರ್ಖಾನೆಗೆ ಸೂಪರ್‌ವೈಸರ್ ಬೇಕಿತ್ತು. ಕಂಪನಿ ನನ್ನ ಕಡೆಯದು, ಹುಡುಗನನ್ನು ಕೊಟ್ಟವರು ಜೊತೆಗಾರರು. ವರ್ಷಕ್ಕೆ 6 ಲಕ್ಷ ಸಂಬಳ. ಶುಲ್ಕ ನಮ್ಮಲ್ಲಿ ರೂಢಿಯಲ್ಲಿರುವ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, 50,000 ರೂಪಾಯಿ. ಹಣ ಬಂದ ದಿನವೇ ಅವರ ಅರ್ಧವನ್ನು ಕಳುಹಿಸಿದೆ. 52ನೆಯ ದಿನ ಹುಡುಗ ಕೆಲಸ ಬಿಟ್ಟ. 90 ದಿನಗಳೊಳಗೆ ಬಿಟ್ಟರೆ ಬದಲಿ ಕೊಡುತ್ತೇನೆ, ಇಲ್ಲವೇ ಹಣ ಮರಳಿಸುತ್ತೇನೆ ಎಂದು ನಾನು ಕಂಪನಿಗೆ ಬರೆದುಕೊಟ್ಟಿದ್ದೆ. ಜೊತೆಗಾರರಿಗೆ ಆ ವಿಷಯ ಹೇಳಿಯೇ ಇರಲಿಲ್ಲ. ‘ನನ್ನ ಕೆಲಸ ಅಲ್ಲಿಗೆ ಮುಗಿಯಿತು’ ಎಂದರು ಅವರು. ಆಗ ವಿಪರೀತ ಕೋಪ ಬಂದಿತ್ತು, ಆದರೆ ತಪ್ಪು ನನ್ನದೇ. ತಾನು ಒಪ್ಪದ ಷರತ್ತಿಗೆ ಅವರು ಏಕೆ ಹಣ ಕೊಡಬೇಕು? ಇಡೀ 50,000 ನನ್ನ ಕೈಯಿಂದಲೇ ಹೋಯಿತು.

ಈಗ ಪ್ರತಿ ಹುದ್ದೆಗೂ ಕಂಪನಿಯ ಷರತ್ತನ್ನು ಮೊದಲೇ ಜೊತೆಗಾರರಿಗೆ ಕಳುಹಿಸುತ್ತೇನೆ. ಅವರ ಪಾಲು 25,000 ಆದರೆ, ಕಂಪನಿಯ ಹಣ ಬಂದ ಒಂದು ವಾರದೊಳಗೆ 15,000, ಗ್ಯಾರಂಟಿ ಅವಧಿ ಮುಗಿದ ಮೇಲೆ ಉಳಿದ 10,000. ಬದಲಿ ಹುಡುಕುವ ಮೊದಲ ಹೊಣೆ ಅಭ್ಯರ್ಥಿಯನ್ನು ಕೊಟ್ಟವರದು. ಹಣವನ್ನೇ ಮರಳಿಸಬೇಕಾದರೆ ಲಾಭದ ಪಾಲು ಎಷ್ಟೋ ನಷ್ಟದ ಪಾಲೂ ಅಷ್ಟೇ. ಒಂದು ಪುಟ ಸಾಕು, ಇಬ್ಬರ ಸಹಿ ಇರಲಿ.

ಇನ್ನೊಂದು ಮಾತು. ಬಯೊಡೇಟಾ ಕಳುಹಿಸುವ ಮೊದಲು ಆ ಹುಡುಗಿಯನ್ನೋ ಹುಡುಗನನ್ನೋ ಕೇಳಿ: ಯಾವ ಕಂಪನಿ, ಯಾವ ಊರು, ಯಾರ ಮೂಲಕ. ಒಬ್ಬ ನರ್ಸ್‌ನ ಬಯೊಡೇಟಾ ಅವಳಿಗೆ ತಿಳಿಯದಂತೆ ಮೂವರ ಕೈ ದಾಟಿ, ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ತಲುಪಿತ್ತು. ಅವಳ ಅಳು ಇನ್ನೂ ನನ್ನ ಕಿವಿಯಲ್ಲಿದೆ. ನಮಗದು ಒಂದು ಕಾಗದ, ಅವಳಿಗೆ ಅನ್ನ.

ಕೊಡಿಯಾಲಬೈಲಿನಿಂದ:
ತೆರಿಗೆಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. 50,000ದ ಮೇಲೆ ಶೇ. 18 ಜಿಎಸ್‌ಟಿ ಸೇರಿ ಇನ್‌ವಾಯ್ಸ್ 59,000 ಆಗುತ್ತದೆ. ಆ 9,000 ಸರ್ಕಾರದ್ದು, ಹಂಚಿಕೊಳ್ಳುವ ಹಣವಲ್ಲ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ಪಾಲಿಗೆ ಮಂಗಳೂರಿನವರಿಗೆ 25,000 ಮತ್ತು 4,500 ತೆರಿಗೆಯ ಇನ್‌ವಾಯ್ಸ್ ಕೊಡಿ. ಅವರು ಆ 4,500ನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ವಾರ್ಷಿಕ ವಹಿವಾಟು 20 ಲಕ್ಷ ದಾಟದೆ ನೋಂದಣಿ ಮಾಡಿಸಿಲ್ಲವಾದರೆ ಜಿಎಸ್‌ಟಿ ಕೇಳುವಂತಿಲ್ಲ. ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾದರೆ ಪಾಲು ಅದಕ್ಕೆ ಮೊದಲಿನ ಮೊತ್ತದ ಮೇಲೋ ನಂತರದ ಮೊತ್ತದ ಮೇಲೋ ಎಂದು ಬರೆದಿಡಿ. ಇಷ್ಟು ಸಣ್ಣ ವಿಷಯಕ್ಕೆ ಹತ್ತು ವರ್ಷದ ಸ್ನೇಹ ಮುರಿದದ್ದನ್ನು ನೋಡಿದ್ದೇನೆ.

ಕುಂದಾಪುರದಿಂದ:
ಎಲ್ಲದಕ್ಕೂ ಅರ್ಧರ್ಧ ಎಂದು ಒಪ್ಪಬೇಡಿ. ಬರೀ ಬಯೊಡೇಟಾ ಕಳುಹಿಸುವುದು ಬೇರೆ. ಮನೆಯವರೊಂದಿಗೆ ಮಾತನಾಡಿ, ಸಂದರ್ಶನಕ್ಕೆ ಸಿದ್ಧಪಡಿಸಿ, ನೋಟಿಸ್ ಅವಧಿ ಮುಗಿಯುವವರೆಗೆ ವಾರಕ್ಕೊಮ್ಮೆ ಫೋನ್ ಮಾಡುವುದು ಬೇರೆ. ನಾನು ಮೊದಲನೆಯದಕ್ಕೆ ಶೇ. 30 ಪಡೆಯುತ್ತೇನೆ, ಎರಡನೆಯದಕ್ಕೆ ಶೇ. 50.

ಕಾಪುವಿನಿಂದ:
ನರ್ಸ್‌ಗಳಿದ್ದಾರೆ ಎಂದಿರಿ, ಹಾಗಾಗಿ ಹೇಳುತ್ತೇನೆ. ಇಂದಲ್ಲ ನಾಳೆ ‘ಕುವೈತ್‌ಗೆ ಇಬ್ಬರನ್ನು ಕೊಡಿ, ತಲೆಗೆ ಇಷ್ಟು’ ಎಂಬ ಫೋನ್ ಬರುತ್ತದೆ. ಒಪ್ಪಬೇಡಿ. ಊರೊಳಗಿನ ಪಾಲುದಾರಿಕೆಯ ರೀತಿ ಅಲ್ಲಿ ನಡೆಯುವುದಿಲ್ಲ. 1983ರ ವಲಸೆ ಕಾಯ್ದೆಯಂತೆ ನೋಂದಣಿ ಇಲ್ಲದೆ ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವುದು ಅಪರಾಧ. ನೋಂದಾಯಿತ ಏಜೆಂಟ್‌ನ ಕೈಕೆಳಗೆ ಉಪ ಏಜೆಂಟ್ ಆಗಿ ನಿಲ್ಲುವುದಕ್ಕೂ ಅವಕಾಶವಿಲ್ಲ. ನೋಂದಾಯಿತರೂ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಕೇಳಲು ಬಂದವರಿಗೆ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿರುವ ನೋಂದಾಯಿತ ಏಜೆಂಟರ ಪಟ್ಟಿ ತೋರಿಸಿ. ನನ್ನ ನೆರೆಮನೆಯವರು ಚಿನ್ನ ಅಡವಿಟ್ಟು ಹಣ ಕೊಟ್ಟದ್ದು ಇಂಥ ಕೈಬದಲಿನ ವ್ಯವಹಾರದಲ್ಲೇ. ವೀಸಾ ಬರಲಿಲ್ಲ, ಚಿನ್ನವೂ ಬರಲಿಲ್ಲ.

ಮತ್ತೆ ಉಡುಪಿಯಿಂದ:
ಎಲ್ಲರಿಗೂ ಋಣಿ. ಇಂದು ಮಂಗಳೂರಿಗೆ ಫೋನ್ ಮಾಡಿ ಗ್ಯಾರಂಟಿ ಅವಧಿಯ ಬಗ್ಗೆ ಕೇಳಿದೆ. ಆಸ್ಪತ್ರೆಗಳಿಗೆ 60 ದಿನ, ಕಾರ್ಖಾನೆಗಳಿಗೆ 90 ಎಂದರು. ಇದುವರೆಗೆ ಈ ಮಾತೇ ಬಂದಿರಲಿಲ್ಲ. ಸೋಮವಾರ ಹೋಗಿ ಕುಳಿತು ಬರೆದುಕೊಳ್ಳುತ್ತೇವೆ. ಒಂದು ಸಂಶಯ ಉಳಿದಿದೆ: ನಾನು ಕಳುಹಿಸಿದ ಅಭ್ಯರ್ಥಿಯನ್ನು ಆ ಕಂಪನಿ ಈಗ ಬೇಡವೆಂದು, ಎಂಟು ತಿಂಗಳ ನಂತರ ನೇರವಾಗಿ ಕರೆದರೆ ಪಾಲು ಕೇಳಬಹುದೇ?

ಕಂಕನಾಡಿಯಿಂದ:
ಬರೆದಿದ್ದರೆ ಕೇಳಬಹುದು. ನಾನು ಬಯೊಡೇಟಾ ಕಳುಹಿಸಿದ ದಿನದಿಂದ 12 ತಿಂಗಳು ಎಂದು ಹಾಕುತ್ತೇನೆ, ಕಂಪನಿಯೊಂದಿಗಿನ ಪತ್ರದಲ್ಲೂ ಜೊತೆಗಾರರ ಪತ್ರದಲ್ಲೂ. ಬಯೊಡೇಟಾವನ್ನು ಇಮೇಲ್‌ನಲ್ಲಿಯೇ ಕಳುಹಿಸಿ, ದಿನಾಂಕ ಉಳಿಯುತ್ತದೆ.